ಪದವೇ ತಾಳ, ಹೆಜ್ಜೆಯೇ ಪಾಠ: ಅಧ್ಯಾಪಕರ ಬೇಸಗೆ ತರಬೇತಿಯ ಕುರಿತು ಕೆಲವು ಮಾತು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿಕೊಂಡರು. ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಹಿರಿಯರೂ ಬಲ್ಲವರೂ ಇದ್ದಾರೆ. ಆದುದರಿಂದ, ಮೂರು ದಶಕಗಳ ಕಾಲ ಚಿಕ್ಕ ಮಕ್ಕಳ ತರಗತಿಗಳಲ್ಲಿ ನಿಂತು ಪಾಠ ಹೇಳಿದ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿಟ್ಟುಕೊಂಡಿರುವ ಒಂದು ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತೇನೆ. ಮಗುವನ್ನು ಕೇಂದ್ರವಾಗಿಟ್ಟುಕೊಂಡು ಸಂಗೀತವನ್ನೂ ಚಲನೆಯನ್ನೂ ಕಲಿಸುವ ಬಗೆ, ಮತ್ತು ಅದಕ್ಕಾಗಿ ಅಧ್ಯಾಪಕರಿಗೆ ಬೇಸಗೆಯ ರಜೆಯಲ್ಲಿ ಕೊಡುವ ತರಬೇತಿ, ಇದು ಆ ವಿಷಯ. ಇದು ಹುಟ್ಟಿ ಬೆಳೆದದ್ದು ಯುರೋಪಿನಲ್ಲಿ. ಕಾಸರಗೋಡಿನ ಕನ್ನಡ ಶಾಲೆಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವನ್ನು ತೋರಿಸಲಿಕ್ಕಾಗಿಯೇ ಈ ಲೇಖನ.

ನಮ್ಮ ಮಕ್ಕಳ ಸ್ಥಿತಿಯನ್ನು ಮೊದಲು ನೆನೆಯೋಣ. 1956ರ ನವೆಂಬರ 1ರಂದು ಈ ನಾಡು ಕೇರಳಕ್ಕೆ ಸೇರಿದ ಮೇಲೆಯೂ ಕನ್ನಡ ಶಾಲೆಗಳು ಉಳಿದುಕೊಂಡವು. ಆದರೆ ಶಾಲೆಗೆ ಬರುವ ಮಗುವಿನ ಮನೆಮಾತು ಕನ್ನಡವೇ ಆಗಿರಬೇಕೆಂದೇನೂ ಇಲ್ಲ. ತುಳು, ಕೊಂಕಣಿ, ಮಲಯಾಳ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ, ಹೀಗೆ ಒಂದೇ ಬೆಂಚಿನಲ್ಲಿ ನಾಲ್ಕೈದು ಮನೆಮಾತುಗಳು ಕುಳಿತಿರುತ್ತವೆ. ಸಪ್ತಭಾಷಾ ಸಂಗಮ ಭೂಮಿಯೆಂದು ಸಭೆಗಳಲ್ಲಿ ನಾವು ಅಭಿಮಾನದಿಂದ ಹೇಳಿಕೊಳ್ಳುವುದರ ನಿತ್ಯದ ಅರ್ಥ ಇದೇ. ಗ್ರಾಂಥಿಕ ಕನ್ನಡವು ಇವರಲ್ಲಿ ಬಹುಮಂದಿಗೆ ಕಿವಿಗೆ ಬೀಳುವುದು ಒಂದನೆಯ ತರಗತಿಯಲ್ಲಿ. ಅದು ಪುಸ್ತಕದ ಅಕ್ಷರವಾಗಿ ಮೊದಲು ಎದುರಾಗುತ್ತದೆಯೋ, ಹಾಡಾಗಿ ಆಟವಾಗಿ ಮೊದಲು ಮೈಗೆ ಹತ್ತುತ್ತದೆಯೋ ಎಂಬುದರ ಮೇಲೆ ಎಷ್ಟೋ ನಿಂತಿದೆ.

ಸಂಗೀತವನ್ನು ಮೈಯಿಂದ ಕಲಿಸಬೇಕೆಂಬ ವಿಚಾರವನ್ನು ಕ್ರಮಬದ್ಧವಾಗಿ ಮುಂದಿಟ್ಟವರಲ್ಲಿ ಎಮಿಲ್ ಝಾಕ್ ದಾಲ್ಕ್ರೋಜ್ (1865–1950) ಅಗ್ರಗಣ್ಯರು. ಅವರು 1892ರಿಂದ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಸಂಗೀತ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಶಿಷ್ಯರು ಸಂಗೀತಶಾಸ್ತ್ರದ ಲೆಕ್ಕಗಳನ್ನೆಲ್ಲ ಕಾಗದದ ಮೇಲೆ ಸರಿಯಾಗಿ ಬಿಡಿಸುತ್ತಿದ್ದರು. ಆದರೆ ತಾವು ಬರೆದುದು ಹೇಗೆ ಕೇಳಿಸುತ್ತದೆಂಬ ಅರಿವು ಅವರಿಗಿರಲಿಲ್ಲ. ವಾದ್ಯ ನುಡಿಸುವಾಗ ಲಯ ತಪ್ಪುವ ಹುಡುಗನೇ ಬೀದಿಯಲ್ಲಿ ನಡೆಯುವಾಗ ಸಮವಾದ ಹೆಜ್ಜೆ ಹಾಕುತ್ತಾನೆಂಬುದನ್ನು ದಾಲ್ಕ್ರೋಜ್ ಗಮನಿಸಿದರು. ಲಯವು ಮೈಯಲ್ಲಿ ಮೊದಲೇ ಇದೆ, ಅದನ್ನು ಕಿವಿಗೂ ಬುದ್ಧಿಗೂ ಜೋಡಿಸಬೇಕಾದುದು ಅಧ್ಯಾಪಕನ ಕೆಲಸ ಎಂದು ಅವರು ತರ್ಕಿಸಿದರು. ಅಧ್ಯಾಪಕರು ಪಿಯಾನೋ ನುಡಿಸುತ್ತಾರೆ, ವಿದ್ಯಾರ್ಥಿಗಳು ನಡೆಯುತ್ತಾರೆ. ನುಡಿಸುವಿಕೆ ಚುರುಕಾದರೆ ನಡಿಗೆ ಚುರುಕಾಗಬೇಕು, ನಿಂತರೆ ನಿಲ್ಲಬೇಕು. ಮುಂದಿನ ಹಂತದಲ್ಲಿ ಕಾಲು ಒಂದು ಕಾಲದಲ್ಲಿ, ಕೈ ಅದರ ದುಪ್ಪಟ್ಟು ಕಾಲದಲ್ಲಿ. ಕರ್ನಾಟಕ ಸಂಗೀತದ ವಿದ್ಯಾರ್ಥಿಗಳು ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುತ್ತಾ ಕೈಯಲ್ಲಿ ಒಂದೇ ತಾಳ ಹಾಕುವುದನ್ನು ಬಲ್ಲ ನಮಗೆ ಇದು ಪರಕೀಯವೆಂದು ಅನ್ನಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತು ಮಾಡುವುದನ್ನು ದಾಲ್ಕ್ರೋಜ್ ಎದ್ದು ನಿಂತು, ಕೋಣೆಯ ತುಂಬ ಓಡಾಡಿ ಮಾಡಿಸಿದರು.

ಇದೇ ದಾರಿಯನ್ನು ಇನ್ನಷ್ಟು ಅಗಲಗೊಳಿಸಿದವರು ಜರ್ಮನಿಯ ಸಂಗೀತಕಾರ ಕಾರ್ಲ್ ಓರ್ಫ್ (1895–1982). 1924ರಲ್ಲಿ ಡೊರೊಥೇ ಗ್ಯೂಂಟರ್ ಎಂಬವರು ಮ್ಯೂನಿಕ್ ನಗರದಲ್ಲಿ ವ್ಯಾಯಾಮ, ನೃತ್ಯ ಮತ್ತು ಸಂಗೀತಕ್ಕಾಗಿ ಒಂದು ಶಾಲೆಯನ್ನು ತೆರೆದಾಗ ಓರ್ಫ್ ಅವರ ಜೊತೆಗೂಡಿದರು. ಅಲ್ಲಿ ವಿದ್ಯಾರ್ಥಿನಿಯಾಗಿ ಬಂದು ಅಧ್ಯಾಪಕಿಯಾಗಿ ಬೆಳೆದ ಗುನಿಲ್ಡ್ ಕೇಟ್‌ಮನ್ (1904–1990) ಈ ಪದ್ಧತಿಯ ನಿಜವಾದ ಬೆನ್ನೆಲುಬು. ಹೆಸರು ಓರ್ಫ್ ಅವರದು ಮೆರೆಯಿತು. ಆದರೆ ಪಾಠಗಳ ಬಹುಭಾಗವನ್ನು ಹೆಣೆದವರು, ಮಕ್ಕಳ ನಡುವೆ ನಿಂತು ಅವುಗಳನ್ನು ಪರೀಕ್ಷಿಸಿದವರು ಆಕೆ. ಮಹಾಯುದ್ಧದಲ್ಲಿ ಆ ಶಾಲೆಯ ಕಟ್ಟಡವೂ ವಾದ್ಯಗಳೂ ಬಾಂಬಿಗೆ ಸಿಕ್ಕಿ ನಾಶವಾದವು. 1948ರಲ್ಲಿ ಬವೇರಿಯಾದ ರೇಡಿಯೋ ಕೇಂದ್ರವು ಮಕ್ಕಳಿಗಾಗಿ, ಮಕ್ಕಳೇ ನುಡಿಸುವ ಸಂಗೀತದ ಕಾರ್ಯಕ್ರಮವನ್ನು ಬಯಸಿದಾಗ ಆ ಕೆಲಸಕ್ಕೆ ಮರುಜೀವ ಬಂದಿತು. 1950ರಿಂದ 1954ರ ಒಳಗೆ ಅದು ಐದು ಸಂಪುಟಗಳಾಗಿ ಅಚ್ಚಾಯಿತು. 1961ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನಗರದಲ್ಲಿ ಓರ್ಫ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅಲ್ಲಿಗೆ ಬೇಸಗೆಯಲ್ಲಿ ನಾನಾ ದೇಶಗಳ ಅಧ್ಯಾಪಕರು ತರಬೇತಿಗೆ ಬಂದು, ತಮ್ಮ ತಮ್ಮ ನಾಡಿಗೆ ಮರಳಿ ಅದನ್ನು ಹರಡಿದರು. ಅಮೆರಿಕದಲ್ಲಿ 1968ರಲ್ಲಿ ಇದಕ್ಕೆಂದೇ ಒಂದು ಸಂಘ ಹುಟ್ಟಿತು.

ಬೇಸಗೆಯೇ ಏಕೆ? ಕಾರಣ ಸರಳ. ವರ್ಷದ ಉಳಿದ ದಿನಗಳಲ್ಲಿ ಅಧ್ಯಾಪಕನಿಗೆ ಬಿಡುವಿಲ್ಲ. ಅಮೆರಿಕದ ಕ್ರಮದಲ್ಲಿ ಈ ತರಬೇತಿಗೆ ಮೂರು ಹಂತಗಳಿವೆ. ಒಂದೊಂದು ಹಂತಕ್ಕೆ ಸುಮಾರು ಎರಡು ವಾರ, ವಾಡಿಕೆಯಂತೆ ಒಂದೊಂದು ಬೇಸಗೆಗೆ ಒಂದೊಂದು ಹಂತ. ನಡುವಿನ ವರ್ಷದಲ್ಲಿ ಕಲಿತದ್ದನ್ನು ತನ್ನ ತರಗತಿಯಲ್ಲಿ ಮಾಡಿ ನೋಡಿ, ಸಂದೇಹಗಳನ್ನು ಹೊತ್ತುಕೊಂಡು ಮುಂದಿನ ಬೇಸಗೆಗೆ ಬರಬಹುದು. ಒಂದೇ ಸಲಕ್ಕೆ ಮುಗಿಸಿಬಿಡುವ ನಮ್ಮ ಕಡೆಯ ಮೂರು ದಿನಗಳ ಶಿಬಿರಗಳಿಗಿಂತ ಈ ಕ್ರಮ ಎಷ್ಟೋ ಮೇಲೆಂದು ನನ್ನ ಅಭಿಪ್ರಾಯ.

ತರಬೇತಿಯ ಕೋಣೆಯಲ್ಲಿ ಅಧ್ಯಾಪಕರು ಟಿಪ್ಪಣಿ ಬರೆಯುತ್ತಾ ಕುಳಿತಿರುವುದಿಲ್ಲ. ಐವತ್ತು ವಯಸ್ಸಿನ ಹಿರಿಯರೂ ಪಾದರಕ್ಷೆ ಕಳಚಿ ವೃತ್ತದಲ್ಲಿ ನಿಲ್ಲಬೇಕು. ಮೊದಲ ವಾದ್ಯ ಸ್ವಂತ ಮೈ: ಬೆರಳು ಚಿಟಿಕೆ, ಚಪ್ಪಾಳೆ, ತೊಡೆ ತಟ್ಟುವುದು, ಕಾಲು ಕುಟ್ಟುವುದು. ಗುರು ಒಂದು ನಡೆಯನ್ನು ತಟ್ಟಿದರೆ ಎಲ್ಲರೂ ಅದನ್ನೇ ಮರಳಿ ತಟ್ಟುತ್ತಾರೆ. ಇದು ಪ್ರತಿಧ್ವನಿ. ಬಳಿಕ ಗುರುವಿನ ನಡೆ ಪ್ರಶ್ನೆಯಾಗುತ್ತದೆ. ಅದನ್ನು ಅನುಕರಿಸದೆ, ಅದೇ ಅಳತೆಯಲ್ಲಿ ಬೇರೊಂದನ್ನು ಉತ್ತರವಾಗಿ ಕೊಡಬೇಕು. ಇಲ್ಲಿಂದಲೇ ಮನೋಧರ್ಮ ಆರಂಭ. ಎಲ್ಲರೂ ಸೇರಿ ತಟ್ಟುವ ಭಾಗವು ಮತ್ತೆ ಮತ್ತೆ ಬರುತ್ತದೆ, ನಡುನಡುವೆ ಒಬ್ಬೊಬ್ಬರು ತಮ್ಮದನ್ನು ಸೇರಿಸುತ್ತಾರೆ. ಚರಣಗಳ ನಡುವೆ ಪಲ್ಲವಿ ಮರಳುವಂತೆಯೇ ಇದು. ದಿನದ ಒಂದು ಹೊತ್ತು ಚಲನೆಗೆ, ಒಂದು ಹೊತ್ತು ರೆಕಾರ್ಡರ್ ಎಂಬ ಕೊಳಲಿಗೆ, ಒಂದು ಹೊತ್ತು ಕೂಡುವಾದನಕ್ಕೆ, ಒಂದು ಹೊತ್ತು ಪಾಠಕ್ರಮದ ಚರ್ಚೆಗೆ. ತಾನೇ ನಾಚಿಕೊಂಡು, ತಡವರಿಸಿ, ಮತ್ತೆ ಲಯಕ್ಕೆ ಬಂದ ಅಧ್ಯಾಪಕನಿಗೆ ಹಿಂದಿನ ಬೆಂಚಿನ ಸಂಕೋಚದ ಮಗುವಿನ ಮನಸ್ಸು ಅರ್ಥವಾಗುತ್ತದೆ. ಪುಸ್ತಕ ಓದಿ ಇದನ್ನು ಪಡೆಯಲಾಗದು.

ಅವರ ವಾದ್ಯಗಳ ಬಗ್ಗೆ ಒಂದು ಮಾತು. ಮರದ ಅಥವಾ ಲೋಹದ ಪಟ್ಟಿಗಳನ್ನು ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟು ಕೋಲಿನಿಂದ ನುಡಿಸುವ ಸಾಧನಗಳು ಅವು. 1920ರ ದಶಕದ ಕೊನೆಗೆ ಕಾರ್ಲ್ ಮೇಂಡ್ಲರ್ ಎಂಬ ವಾದ್ಯ ತಯಾರಕರು ಓರ್ಫ್ ಅವರಿಗಾಗಿ ಇವುಗಳನ್ನು ಮಾಡಿಕೊಟ್ಟರು. ಇವುಗಳ ಹಿಂದೆ ಆಫ್ರಿಕದ ಮತ್ತು ಇಂಡೊನೇಷ್ಯದ ವಾದ್ಯಗಳ ಪ್ರೇರಣೆಯಿತ್ತು. ಇವುಗಳ ಜಾಣ್ಮೆ ಇರುವುದು ಪಟ್ಟಿಗಳನ್ನು ಕಳಚಿ ತೆಗೆಯಬಹುದಾದ ಏರ್ಪಾಟಿನಲ್ಲಿ. ಸಪ್ತಸ್ವರಗಳಲ್ಲಿ ಮಧ್ಯಮ ಮತ್ತು ನಿಷಾದದ ಪಟ್ಟಿಗಳನ್ನು ತೆಗೆದಿಟ್ಟರೆ ಸ, ರಿ, ಗ, ಪ, ದ ಎಂಬ ಐದು ಉಳಿಯುತ್ತವೆ. ನಮ್ಮ ಮೋಹನ ರಾಗದ ಸ್ವರಗಳೇ ಅವು. ಇವುಗಳಲ್ಲಿ ಮಗು ಯಾವುದನ್ನು ಬಾರಿಸಿದರೂ ಇನ್ನೊಂದರ ಜೊತೆ ಕರ್ಕಶವಾಗದು. ಅಳುಕದೆ ಸ್ವಂತವಾಗಿ ಒಂದು ಸಾಲನ್ನು ಕಟ್ಟಬಹುದು. ಅದಕ್ಕೆ ಆಧಾರವಾಗಿ ಇನ್ನೊಂದು ಮಗು ಷಡ್ಜ ಪಂಚಮಗಳನ್ನು ಒಂದೇ ಸಮನೆ ನುಡಿಸುತ್ತದೆ. ಪಾಶ್ಚಾತ್ಯರು ಇದಕ್ಕೆ ಬೋರ್ಡನ್ ಎನ್ನುತ್ತಾರೆ, ತಂಬೂರಿಯ ಶ್ರುತಿ ಕೇಳಿ ಬೆಳೆದ ನಮಗೆ ಹೊಸದಾಗಿ ವಿವರಿಸಬೇಕಾದುದು ಏನೂ ಇಲ್ಲ. ಅವರ ಮೊದಲ ಹಾಡುಗಳು ಎರಡೇ ಸ್ವರಗಳವು, ಪಂಚಮದಿಂದ ಗಾಂಧಾರಕ್ಕೆ ಇಳಿಯುವವು. ಯುರೋಪಿನ ಕೋಗಿಲೆಯ ಕೂಗು ಹಾಗೆ ಇಳಿಯುತ್ತದೆಯಂತೆ. ನಮ್ಮ ಮಾವಿನ ಮರದ ಕೋಗಿಲೆಯೋ ಸ್ವರವನ್ನು ಏರಿಸುತ್ತದೆ! ಕೈಪಿಡಿಯನ್ನು ಕಣ್ಣುಮುಚ್ಚಿ ನಕಲು ಮಾಡುವವರು ಇಷ್ಟನ್ನಾದರೂ ಗಮನಿಸಬೇಕು.

ನಕಲಿನ ಮಾತು ಬಂದುದರಿಂದ ಹೇಳುತ್ತೇನೆ. ಓರ್ಫ್ ಅವರ ಸಂಪುಟಗಳು ಬೇರೆ ಭಾಷೆಗಳಿಗೆ ಹೋದಾಗ ಜರ್ಮನ್ ಪದಗಳನ್ನು ಅನುವಾದಿಸಿ ಬಿಡಲಿಲ್ಲ. ಇಂಗ್ಲಿಷ್ ಆವೃತ್ತಿಗೆ ಇಂಗ್ಲಿಷ್ ಮಕ್ಕಳ ಸ್ವಂತ ಪ್ರಾಸಪದ್ಯಗಳನ್ನು ಆರಿಸಿಕೊಂಡರು. ಪ್ರತಿ ನಾಡೂ ತನ್ನ ಮಕ್ಕಳ ಬಾಯಿಯಲ್ಲಿರುವ ಪದ, ಹೆಸರು, ಕೂಗು, ಆಟದ ಹಾಡುಗಳಿಂದಲೇ ಆರಂಭಿಸಬೇಕೆಂಬುದು ಈ ಪದ್ಧತಿಯ ಬೀಜಸೂತ್ರ. ಹಂಗೆರಿಯ ಜೋಲ್ತಾನ್ ಕೊದಾಯ್ (1882–1967) ಇದನ್ನು ಇನ್ನೂ ಕಟುವಾಗಿ ಹಿಡಿದವರು. 1905ರಿಂದ ಹಳ್ಳಿ ಹಳ್ಳಿ ತಿರುಗಿ, ಬಾರ್ಟೋಕ್ ಅವರ ಜೊತೆಗೂಡಿ ಜಾನಪದ ಗೀತೆಗಳನ್ನು ಸಂಗ್ರಹಿಸಿದ ಅವರು, ಸಂಗೀತದಲ್ಲಿಯೂ ಮಗುವಿಗೆ ಒಂದು ಮಾತೃಭಾಷೆ ಇದೆಯೆಂದು ವಾದಿಸಿದರು. ಹಂಗೆರಿ ಭಾಷೆಯಲ್ಲಿ ಪದದ ಮೊದಲ ಅಕ್ಷರಕ್ಕೆ ಒತ್ತು. ಜರ್ಮನ್ ಧಾಟಿಯ ಹಾಡುಗಳಿಗೆ ಆ ಪದಗಳನ್ನು ತುರುಕಿದರೆ ಭಾಷೆಯೇ ಕುಂಟುತ್ತದೆ. ಅವರ ಹುಟ್ಟೂರಾದ ಕೆಚ್ಕೆಮೇತ್ ಪಟ್ಟಣದಲ್ಲಿ 1950ರಲ್ಲಿ ಪ್ರತಿದಿನ ಹಾಡುಗಾರಿಕೆಯಿರುವ ಪ್ರಾಥಮಿಕ ಶಾಲೆ ಆರಂಭವಾಯಿತು. 1975ರಲ್ಲಿ ಅಲ್ಲಿಯೇ ಅವರ ಹೆಸರಿನ ಅಧ್ಯಾಪಕ ತರಬೇತಿ ಸಂಸ್ಥೆಯೂ ಬಂದಿತು.

ಕೊದಾಯ್ ಅವರ ಈ ಮಾತು ಗಡಿನಾಡಿನ ಅಧ್ಯಾಪಕರ ಎದೆಗೆ ನೇರವಾಗಿ ನಾಟುವಂಥದು. ನಾನು ಭಾಗವಹಿಸಿದ ಕೆಲವು ರಜಾಕಾಲದ ತರಬೇತಿಗಳಲ್ಲಿ ಮಾತುಕತೆ ಮಲಯಾಳದಲ್ಲಿ ನಡೆಯುತ್ತಿತ್ತು. ಹಾಡುಗಳು ಮಲಯಾಳದವು, ಚೆಂದವಾದವು, ಅವುಗಳ ಬಗ್ಗೆ ನನಗೆ ಗೌರವವಿದೆ. ಕನ್ನಡ ವಿಭಾಗದವರಿಗೆಂದು ಅವುಗಳನ್ನೇ ಅವಸರದಲ್ಲಿ ಕನ್ನಡಿಸಿ, ಅದೇ ಧಾಟಿಗೆ ಹೊಂದಿಸಿ ಕೊಡುತ್ತಿದ್ದರು. ಅರ್ಥ ಸರಿಯಿರುತ್ತಿತ್ತು, ಮಾತ್ರೆ ಸರಿಯಿರುತ್ತಿರಲಿಲ್ಲ. ಧಾಟಿಯು ಒಂದು ಅಕ್ಷರವನ್ನು ಎಳೆಯಲು ಹೇಳಿದಾಗ ಅಲ್ಲಿ ಲಘುವಿದ್ದರೆ ಮಗು ಏನು ಮಾಡಬೇಕು? 'ಬಳೆ'ಯನ್ನು 'ಬಾಳೆ' ಎಂದು ಹಾಡುತ್ತದೆ, 'ಕರು'ವನ್ನು 'ಕಾರು' ಎನ್ನುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗು ನಕ್ಕು ಸುಮ್ಮನಾದೀತು. ಕನ್ನಡವನ್ನು ಶಾಲೆಯಲ್ಲಿಯೇ ಕಲಿಯಬೇಕಾದ ಮಗುವಿಗೆ ತಪ್ಪು ಉಚ್ಚಾರವೇ ಮೊದಲ ಪಾಠವಾಗುತ್ತದೆ.

ಹ್ರಸ್ವ ದೀರ್ಘಗಳ, ಒಂಟಿ ಮತ್ತು ಒತ್ತಕ್ಷರಗಳ ಭೇದವೇ ಕನ್ನಡದ ಪ್ರಾಣ. ಛಂದಸ್ಸಿನ ಪಾಠವನ್ನು ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಕಲಿತು ಮರೆತ ಹಳೆ ವಿದ್ಯಾರ್ಥಿಗಳು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಇದನ್ನೇ ಒಂದನೆಯ ತರಗತಿಯ ಮಗುವಿನ ಕೈಗೆ ಕೊಡಬಹುದು. ಲಘುವಿಗೆ ಒಂದು ಚಪ್ಪಾಳೆ. ಗುರುವಿಗೆ ಚಪ್ಪಾಳೆ ತಟ್ಟಿ, ಕೂಡಿದ ಕೈಗಳನ್ನು ಎದೆಗೆ ತಂದು ಒಂದು ಮಾತ್ರೆ ನಿಲ್ಲಿಸುವುದು. 'ಹಳಿ' ಎಂದರೆ ಎರಡು ಬಿಡಿ ಚಪ್ಪಾಳೆ, 'ಹಳ್ಳಿ' ಎಂದರೆ ಮೊದಲನೆಯದು ನಿಂತು ಎರಡನೆಯದು ಬೀಳಬೇಕು. 'ಹಳ್ಳಿ'ಯನ್ನು 'ಹಳಿ' ಎಂದು, 'ಅಕ್ಕಿ'ಯನ್ನು 'ಅಕಿ' ಎಂದು ಬರೆಯುತ್ತಿದ್ದ ಮಕ್ಕಳು ಕೆಂಪು ಶಾಯಿಯ ಗೀಟುಗಳಿಂದ ತಿದ್ದಿಕೊಳ್ಳಲಿಲ್ಲ. ಕೈ ನಿಲ್ಲಿಸಲು ಕಲಿತ ಮೇಲೆ ಅವರಲ್ಲಿ ಅನೇಕರು ತಾವಾಗಿಯೇ ಒತ್ತು ಕೊಡತೊಡಗಿದುದನ್ನು ನನ್ನ ತರಗತಿಯಲ್ಲಿ ಕಂಡಿದ್ದೇನೆ.

ಪದಗಳನ್ನು ಎಲ್ಲಿಂದ ತರುವುದೆಂಬ ಚಿಂತೆಯೂ ಬೇಡ. ಓರ್ಫ್ ತರಬೇತಿಯಲ್ಲಿ ಮಕ್ಕಳ ಹೆಸರುಗಳಿಂದಲೇ ಲಯವನ್ನು ಕಟ್ಟಿಸುವ ವಾಡಿಕೆಯಿದೆ. ನಾನು ನಮ್ಮ ಊರುಗಳ ಹೆಸರುಗಳನ್ನು ಹಿಡಿದೆ, ಬಸ್ಸಿನ ಬೋರ್ಡಿನಲ್ಲಿ ಮಕ್ಕಳು ದಿನಾ ಓದುವ ಹೆಸರುಗಳು. ಪೆರ್ಲ ಮೂರು ಮಾತ್ರೆ. ಕುಂಬಳೆ ನಾಲ್ಕು, ಉಪ್ಪಳ ನಾಲ್ಕು. ಬದಿಯಡ್ಕ ಐದು, ಪೈವಳಿಕೆ ಐದು, ನೀರ್ಚಾಲು ಐದು, ಮೂರರ ನಡಿಗೆಯೂ ಬೇರೆ ಬೇರೆ. ಮಂಜೇಶ್ವರ ಮತ್ತು ಮುಳ್ಳೇರಿಯ ಆರು. ಕಾಸರಗೋಡು ಏಳು: 'ಕಾಸರ' ನಾಲ್ಕು, 'ಗೋಡು' ಮೂರು. ಯಕ್ಷಗಾನದ ತ್ರಿವುಡೆಗೂ ಏಳೇ ಅಕ್ಷರ, ಅಲ್ಲಿ ಮೂರು ಮೊದಲು, ನಾಲ್ಕು ಬಳಿಕ. ಇನ್ನು ಮಧೂರು. ಲೆಕ್ಕದಲ್ಲಿ ಕುಂಬಳೆಯಂತೆ ಇದೂ ನಾಲ್ಕೇ. ಆದರೆ ಲಘು, ಗುರು, ಲಘು ಎಂಬ ಜಗಣವಾದುದರಿಂದ ಚಪ್ಪಾಳೆ ನಡುವಿನಲ್ಲಿ ತೊಡರಿದಂತೆ ಆಗುತ್ತದೆ. ಕಂದಪದ್ಯದ ವಿಷಮಸ್ಥಾನಗಳಲ್ಲಿ ಜಗಣ ಬರಬಾರದೆಂದು ಲಾಕ್ಷಣಿಕರು ವಿಧಿಸಿದುದು ಏಕೆಂಬುದನ್ನು ಏಳು ವರ್ಷದ ಮಗುವೂ ಕೈಯಿಂದ ತಿಳಿಯಬಲ್ಲದು!

ಇದನ್ನೇ ಆಟವಾಗಿ ಬೆಳೆಸಬಹುದು. ಅರ್ಧ ತರಗತಿ 'ಉಪ್ಪಳ, ಉಪ್ಪಳ' ಎನ್ನುತ್ತಾ ಹೆಜ್ಜೆ ಹಾಕಲಿ. ಉಳಿದ ಅರ್ಧ 'ಪೆರ್ಲ, ಪೆರ್ಲ' ಎನ್ನಲಿ. ಒಟ್ಟಿಗೆ ಹೊರಟ ಎರಡು ಬಸ್ಸುಗಳು ಅಗಲಿ, ಹನ್ನೆರಡು ಮಾತ್ರೆ ಮುಗಿದಾಗ ಮತ್ತೆ ಒಂದೇ ಹೆಜ್ಜೆಗೆ ಬಂದು ಕೂಡುತ್ತವೆ. ಮೂರು ಉಪ್ಪಳಕ್ಕೆ ನಾಲ್ಕು ಪೆರ್ಲ. ಲಘುತಮ ಸಾಮಾನ್ಯ ಗುಣಕವನ್ನು ಕಲಿಸುವ ಗಣಿತದ ಮಾಸ್ತರರು ಈ ಆಟವನ್ನು ಕಂಡು ಸಂತೋಷಪಟ್ಟದ್ದುಂಟು.

ನಮ್ಮಲ್ಲಿ ಇಂತಹ ಪರಂಪರೆಯೇ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಈ ಪ್ರದೇಶವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ, ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಕನ್ನಡದ ನಡೆಗೆ ಒಪ್ಪುವ ಹಾಡುಗಳನ್ನು ಕಟ್ಟಿದರು; ತರಗತಿಗೆ ಬಂದರೆ ತಾವೇ ಹಾಡಿ ಅಭಿನಯಿಸುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳ ಮೂಲಕ ಶಿಕ್ಷಣ ಕೊಡುವ ಪ್ರಯೋಗಗಳನ್ನು ನಡೆಸಿದರು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಮಕ್ಕಳಿಗಾಗಿ ಬರೆದ ಪದ್ಯಗಳನ್ನು ಈ ಸಂಚಿಕೆಯ ವಾಚಕರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಇವರಿಗೆಲ್ಲ ತೋಚಿದುದು ಮುಂದೆ ಅಧ್ಯಾಪಕರ ತರಬೇತಿಯಾಗಿ, ವರ್ಷ ವರ್ಷವೂ ನಡೆಯುವ ಕ್ರಮವಾಗಿ ನಿಲ್ಲಲಿಲ್ಲ. ಸಾಲ್ಸ್‌ಬರ್ಗಿಗೂ ನಮಗೂ ಇರುವ ಅಂತರ ಅಷ್ಟೇ.

ಯಕ್ಷಗಾನವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಅದು ನಮ್ಮ ಭಾಗ್ಯ. ಕೇರಳದ ಶಾಲಾ ಕಲೋತ್ಸವದಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ಸ್ಪರ್ಧೆಗೆ ಆರಿಸುವುದು ಕೈಬೆರಳೆಣಿಕೆಯ ಮಕ್ಕಳನ್ನು. ಹೆಜ್ಜೆ ಬಾರದವನು ಸಭಿಕನಾಗಿ ಕುಳಿತುಕೊಳ್ಳುತ್ತಾನೆ. ನಾನು ಹೇಳುತ್ತಿರುವ ಪಾಠದಲ್ಲಿ ಸಭಿಕರೇ ಇಲ್ಲ. ಎಲ್ಲ ಮಕ್ಕಳೂ ಏಕತಾಳಕ್ಕೆ ನಡೆಯಬಲ್ಲರು, ಚಕ್ರತಾಳವನ್ನು ಕೈಗೆ ಕೊಟ್ಟರೆ ಬಾರಿಸಬಲ್ಲರು. ಬಹುಮಾನದ ಕಪ್ಪು ಬರುವುದಿಲ್ಲವೆಂಬುದು ನಿಜ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಕಲಿಸಬೇಕೆಂದು ಹೇಳಿತು. ಆ 'ಎಲ್ಲ' ಎಂಬ ಪದವನ್ನು ಅಕ್ಷರಶಃ ತೆಗೆದುಕೊಳ್ಳಬೇಕೆಂಬುದು ನನ್ನ ಆಗ್ರಹ.

ಖರ್ಚಿನ ಭಯವೂ ಬೇಡ. ಜರ್ಮನಿಯ ಪಟ್ಟಿವಾದ್ಯಗಳನ್ನು ತರಿಸುವ ಶಕ್ತಿ ನಮಗಿಲ್ಲ, ಅಗತ್ಯವೂ ಇಲ್ಲ. ತೆಂಗಿನ ಗೆರಟೆಗಳು, ಒಂದೊಂದು ಉದ್ದಕ್ಕೆ ಕತ್ತರಿಸಿದ ಬಿದಿರು, ಹುಣಸೆಬೀಜ ತುಂಬಿದ ಡಬ್ಬಿ, ಶ್ರುತಿಗೆ ಶಾಲೆಯ ಹಳೆಯ ಹಾರ್ಮೋನಿಯಂ, ಇಷ್ಟಿದ್ದರೆ ಒಂದು ತರಗತಿ ನಡೆಯುತ್ತದೆ. ನಿಜವಾಗಿ ಕಷ್ಟವಾಗುವುದು ಹಾಡುಗಳ ಸಂಗ್ರಹ. ಕಣ್ಣಾಮುಚ್ಚಾಲೆಗೆ, ಕೈಯಾಟಕ್ಕೆ, ಕೋಲಾಟಕ್ಕೆ, ಮಗುವನ್ನು ಕಾಲಮೇಲೆ ಕುಳ್ಳಿರಿಸಿ ತೂಗುವುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಪದವಿತ್ತು. ನಾಟಿಯ ಗದ್ದೆಯಲ್ಲಿ ಒಬ್ಬಾಕೆ ಹೇಳಿ ಉಳಿದವರು ಕೂಡಿ ಹಾಡುತ್ತಿದ್ದ ತುಳುವಿನ ಓಬೇಲೆಗಳು ಪ್ರಶ್ನೋತ್ತರದ ಲಯಕ್ಕೆ ಸಿದ್ಧ ಪಾಠಗಳು. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಅವುಗಳನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕನ್ನಡ ಶಾಲೆಯಲ್ಲಿ ತುಳು ಏಕೆಂದು ಯಾರಾದರೂ ಹುಬ್ಬೇರಿಸಿದರೆ, ತುಳು ಮನೆಯ ಮಗುವಿಗೆ ತನ್ನ ಅಜ್ಜಿಯ ಹಾಡು ತರಗತಿಯಲ್ಲಿ ಕೇಳಿಸಿದ ದಿನ ಆ ಮಗುವಿನ ಮುಖವನ್ನು ನೋಡಬೇಕೆಂದು ಹೇಳುತ್ತೇನೆ. ಆ ಧಾಟಿಗೆ ಹೊಸ ಕನ್ನಡ ಪದಗಳನ್ನು ಕಟ್ಟುವುದು ಆಮೇಲಿನ ಕೆಲಸ. ಮಾತ್ರೆ ತಪ್ಪದಂತೆ ಕಟ್ಟಬಲ್ಲವರು ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಆದುದರಿಂದ ಮಹೋತ್ಸವ ಸಮಿತಿಯ ಮುಂದೆ ನನ್ನದೊಂದು ಸೂಚನೆ ಇದೆ. ಮೇ ತಿಂಗಳ ರಜೆಯಲ್ಲಿ ಹತ್ತು ದಿನ, ಸತತವಾಗಿ ಮೂರು ವರ್ಷ, ಸುತ್ತಲಿನ ಕನ್ನಡ ಶಾಲೆಗಳ ಒಂದರಿಂದ ನಾಲ್ಕನೆಯ ತರಗತಿಗಳ ಅಧ್ಯಾಪಕರಿಗೆ ನಮ್ಮ ಶಾಲೆಯಲ್ಲಿಯೇ ಇಂತಹ ತರಬೇತಿಯನ್ನು ನಡೆಸಬಹುದು. ಮೊದಲ ವರ್ಷ ಮೈಯ ಲಯ, ಊರಿನ ಹೆಸರುಗಳು ಮತ್ತು ಐದು ಸ್ವರಗಳು ಸಾಕು. ಭಾಗವತರೊಬ್ಬರು, ಸಂಗೀತದ ಅಧ್ಯಾಪಿಕೆಯೊಬ್ಬರು, ಓಬೇಲೆ ಬಲ್ಲ ಹಿರಿಯ ಮಹಿಳೆಯೊಬ್ಬರು ಸಂಪನ್ಮೂಲ ವ್ಯಕ್ತಿಗಳಾಗಲಿ. ಕಲಿಯಲು ಬರುವವರಲ್ಲಿ ಸಂಗೀತ ಬಾರದವರಿಗೆ ಮೊದಲ ಪ್ರಾಶಸ್ತ್ಯ. ಅಷ್ಟರೊಳಗೆ ಹಾಡುಗಳ ಸಂಗ್ರಹವನ್ನು ಆರಂಭಿಸಲು ಶಾಲಾ ಕಚೇರಿಯಲ್ಲಿ ದಪ್ಪ ಬೈಂಡಿನ ಪುಸ್ತಕವೊಂದನ್ನು ಇರಿಸುವಂತೆ ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿಕೊಂಡಿದ್ದೇನೆ. ಮಹೋತ್ಸವಕ್ಕೆ ಬರುವ ಹಳೆ ವಿದ್ಯಾರ್ಥಿಗಳು ತಮ್ಮ ತಾಯಿ, ಅಜ್ಜಿ, ಸೋದರತ್ತೆಯರ ಬಾಯಿಂದ ಕೇಳಿದ ಆಟದ ಹಾಡುಗಳನ್ನು, ಯಾವ ಮನೆಮಾತಿನಲ್ಲಿದ್ದರೂ ಸರಿ, ಕನ್ನಡ ಲಿಪಿಯಲ್ಲಿ ಅದರಲ್ಲಿ ಬರೆಯಬೇಕು. ಹಾಡಿನ ಜೊತೆಗೆ ಆಟದ ಕ್ರಮವನ್ನೂ, ಎಲ್ಲಿ ಚಪ್ಪಾಳೆ, ಎಲ್ಲಿ ಹೆಜ್ಜೆ ಎಂಬುದನ್ನೂ ಗುರುತಿಸಿದರೆ ಉಪಕಾರವಾಗುತ್ತದೆ. ದೂರದ ಊರುಗಳಲ್ಲಿರುವವರು ಮನೆಯ ಹಿರಿಯರಿಂದ ಹಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿದರೂ ಆಗಬಹುದು. ಧಾಟಿ ಉಳಿಯುವುದರಿಂದ ಅದು ಇನ್ನೂ ಮೇಲು.